ತವರಿನ ರಕ್ತ

ಸೀನು ಹಲ್ಲು ಕೀಳಿಸಿಕೊಂಡು ಮನೆಗೆ ಬಂದ ಸಾಯಂಕಾಲ, ಅದು ಅಂಥ ದೊಡ್ಡ ವಿಷಯವೆಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ, ಅವನ ತಾಯಿ ಅಮ್ಮಣ್ಣಿಯೊಬ್ಬಳನ್ನು ಬಿಟ್ಟು. ಇಪ್ಪತ್ತಮೂರರ ಹುಡುಗ. ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಳದವಡೆಯ ಹಿಂದಿನ ಹಲ್ಲು ಹುಳುಕಾಗಿ ಬಹಳ ದಿನದಿಂದ ಕಾಡುತ್ತಿತ್ತು. ಕೀಳಿಸಿಬಿಡುತ್ತೇನೆ ಎಂದು ಅವನು ಹೇಳಿದಾಗಲೆಲ್ಲ ಅಮ್ಮಣ್ಣಿ ಏನಾದರೊಂದು ನೆಪ ತೆಗೆಯುತ್ತಿದ್ದಳು. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ ಇಡುತ್ತಿದ್ದಳು, ಉಪ್ಪುನೀರು ಕಾಯಿಸಿ ಕೊಡುತ್ತಿದ್ದಳು, ಅಮಾವಾಸ್ಯೆ ಕಳೆಯಲಿ ಅನ್ನುತ್ತಿದ್ದಳು, ಅಕ್ಕನ ಹೆರಿಗೆಯಾಗಲಿ ಅನ್ನುತ್ತಿದ್ದಳು. ಕೊನೆಗೆ ಅವನು ತಾಯಿಗೆ ಹೇಳದೆ, ಆಫೀಸಿನಿಂದ ನೇರವಾಗಿ ಗಾಂಧಿ ಬಜಾರಿನ ದಂತವೈದ್ಯರಲ್ಲಿಗೆ ಹೋಗಿ ಕೀಳಿಸಿಕೊಂಡೇ ಬಂದ.

ಅವನ ಅಕ್ಕ ಚೂಡಾಮಣಿ ಚೊಚ್ಚಲ ಹೆರಿಗೆಗೆಂದು ವಿಲ್ಸನ್ ಗಾರ್ಡನ್ನಿನ ಗಂಡನ ಮನೆಯಿಂದ ಜಯನಗರದ ತವರಿಗೆ ಬಂದಿದ್ದಳು. ಐವತ್ತೊಂಬತ್ತನೇ ಇಸವಿಯ ಕಾರ್ತಿಕ. ಮೂರನೇ ಬ್ಲಾಕಿನ ಆ ಬೀದಿಯಲ್ಲಿ ಇನ್ನೂ ನಾಲ್ಕಾರು ಮನೆಗಳಷ್ಟೇ ಎದ್ದಿದ್ದವು. ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟು, ಲಂಟಾನದ ಪೊದೆ. ಜಗುಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದ ಚೂಡಾಮಣಿ, ಸೀನು ಕರವಸ್ತ್ರವನ್ನು ಕೆನ್ನೆಗೊತ್ತಿಕೊಂಡು ಬರುವುದನ್ನು ದೂರದಿಂದಲೇ ನೋಡಿ ನಕ್ಕಳು. ಅಷ್ಟರಲ್ಲಿ ಅಮ್ಮಣ್ಣಿ ಒಳಗಿನಿಂದ ಬಂದಳು. ಹೇಳದೆ ಹೋದದ್ದಕ್ಕೆ ಬಯ್ಯಲಿಲ್ಲ. ನೋವಾಯಿತೇ ಎಂದೂ ಕೇಳಲಿಲ್ಲ.

"ರಕ್ತ ನಿಂತಿದೆಯಾ?" ಎಂದಳು.

ಸೀನು ಹತ್ತಿ ಕಚ್ಚಿಕೊಂಡೇ ತಲೆಯಾಡಿಸಿದ. ಅಮ್ಮಣ್ಣಿ ಅವನ ಗದ್ದ ಹಿಡಿದು ಮುಖವನ್ನು ಪಡುವಣ ಬೆಳಕಿಗೆ ತಿರುಗಿಸಿ, ಬಾಯಿ ತೆಗೆಸಿ, ಬಹಳ ಹೊತ್ತು ನೋಡಿದಳು. ಸರ್ಕಾರದ ಅಠಾರಾ ಕಚೇರಿಯಲ್ಲಿ ದುಡಿದು ನಿವೃತ್ತರಾಗಿದ್ದ ತಂದೆ ಅನಂತಪದ್ಮನಾಭಯ್ಯ ಕುರ್ಚಿಯಿಂದಲೇ, ಒಂದು ಹಲ್ಲಿಗೆ ಇಷ್ಟೊಂದು ರಂಪವೇಕೆ ಎಂದರು. ಅಮ್ಮಣ್ಣಿ ಒಳಗೆ ಹೋಗಿ ಮೆತ್ತಗೆ ಮೊಸರನ್ನ ಕಲಸಿದಳು.

ಬೆಳಿಗ್ಗೆ ಸೀನುವಿನ ದಿಂಬು ಒದ್ದೆಯಾಗಿತ್ತು. ಮೊದಲ ದಿನ ಎಂಜಲಿನ ಜೊತೆ ಸ್ವಲ್ಪ ರಕ್ತ ಬರುವುದುಂಟೆಂದು ದಂತವೈದ್ಯರು ಹೇಳಿ ಕಳಿಸಿದ್ದರಿಂದ ಅವನು ಹೆದರಲಿಲ್ಲ. ಬಾಯಿ ಮುಕ್ಕಳಿಸಿ, ಹೊಸ ಹತ್ತಿ ಕಚ್ಚಿಕೊಂಡು ಆಫೀಸಿಗೆ ಹೊರಟ. ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸು ಬಂದ. ಕರವಸ್ತ್ರ ನೆನೆದಿತ್ತು. ಅಂಗಿಯ ಕಾಲರಿನ ಮೇಲೂ ಕಲೆಯಿತ್ತು. ರಕ್ತವೇನೂ ಸುರಿಯುತ್ತಿರಲಿಲ್ಲ, ಒಸರುತ್ತಿತ್ತು. ಹತ್ತಿ ಇಟ್ಟರೆ ಹತ್ತಿ ತೋಯುತ್ತಿತ್ತು. ತೆಗೆದರೆ ನಾಲಿಗೆಯ ಪಕ್ಕದಲ್ಲಿ ಸಣ್ಣಗೆ ತುಂಬಿಕೊಳ್ಳುತ್ತಿತ್ತು. ಮಾತಾಡಲು ಬಾಯಿ ಬಿಟ್ಟರೆ ಹಲ್ಲುಗಳೆಲ್ಲ ಕೆಂಪಗೆ ಕಾಣುತ್ತಿದ್ದವು.

ದಂತವೈದ್ಯ ಪದ್ಮರಾಜಯ್ಯನವರ ಮನೆ ಎರಡನೇ ಬ್ಲಾಕಿನಲ್ಲೇ ಇತ್ತು. ಅನಂತಪದ್ಮನಾಭಯ್ಯ ಹೋಗಿ ವಿಷಯ ತಿಳಿಸಿದ್ದಕ್ಕೆ ಅವರು ಸಂಜೆ ಕ್ಲಿನಿಕ್ಕು ಮುಚ್ಚಿ ಬರುವಾಗ ತಮ್ಮ ಹಳೆಯ ಕಾರನ್ನು ಇವರ ಮನೆಯ ಮುಂದೆ ನಿಲ್ಲಿಸಿದರು. ಸೀನುವನ್ನು ಕಿಟಕಿಯ ಹತ್ತಿರ ಕೂರಿಸಿ, ಗಾಯದಲ್ಲಿ ಹುಣಿಸೇಹಣ್ಣಿನ ಉಂಡೆಯಂತೆ ಕಟ್ಟಿಕೊಂಡಿದ್ದ ಕಪ್ಪು ಹೆಪ್ಪನ್ನು ತೆಗೆದರು. ಎಂಥದೋ ಪುಡಿ ಹಾಕಿ, ಪಟ್ಟಿ ಕಟ್ಟುವ ತೆಳುಬಟ್ಟೆ ತುರುಕಿ, ಒಂದು ಹೊಲಿಗೆಯನ್ನೂ ಹಾಕಿದರು. ಸೂಜಿ ಹೋದ ಜಾಗದಿಂದಲೂ ರಕ್ತ ಬಂತು. ಅವರು ಅದನ್ನು ಬಗ್ಗಿ ನೋಡಿದರು. ಆಮೇಲೆ ಕೈ ತೊಳೆದುಕೊಳ್ಳುತ್ತ, ಇವನಿಗೆ ಚಿಕ್ಕಂದಿನಲ್ಲಿ ಗಾಯವಾದಾಗ ಬೇಗ ರಕ್ತ ನಿಲ್ಲುತ್ತಿತ್ತೇ ಎಂದು ಕೇಳಿದರು.

ಬಿದ್ದರೆ ಮಂಡಿ ಊದಿಕೊಳ್ಳುತ್ತಿತ್ತು, ಮೈಮೇಲೆ ನೀಲಿ ಕಟ್ಟುತ್ತಿತ್ತು, ಹುಡುಗರಿಗೆಲ್ಲ ಇದ್ದದ್ದೇ ಎಂದರು ಅನಂತಪದ್ಮನಾಭಯ್ಯ. ಇವರಮ್ಮ ಇವನನ್ನು ಆಡುವುದಕ್ಕೇ ಬಿಡುತ್ತಿರಲಿಲ್ಲ ಎಂದೂ ಸೇರಿಸಿದರು.

"ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಹೀಗಾಗಿತ್ತಾ? ನಿಮ್ಮ ಕಡೆ, ಅಥವಾ ಇವರ ಕಡೆ?"

ಅನಂತಪದ್ಮನಾಭಯ್ಯ ತಮ್ಮ ಕಡೆ ಯಾರಿಗೂ ಇಲ್ಲವೆಂದರು. ಎಲ್ಲರೂ ಅಮ್ಮಣ್ಣಿಯ ಕಡೆ ತಿರುಗಿದರು. ಅವಳು ಕೈತೊಳೆಯುವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ಇಲ್ಲ," ಎಂದಳು.

ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದ ಚೂಡಾಮಣಿ ತಾಯಿಯನ್ನೇ ನೋಡುತ್ತಿದ್ದಳು. ಅಮ್ಮಣ್ಣಿ ಹಾಗೆ ಹೇಳುವಾಗ ದಂತವೈದ್ಯರನ್ನು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಅವಳ ಕಣ್ಣು ಚೂಡಾಮಣಿಯ ಹೊಟ್ಟೆಯ ಮೇಲಿತ್ತು.

ಮೊದಲು ಚೂಡಾಮಣಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬಸುರಿ ರಕ್ತ ನೋಡಬಾರದೆಂದು ಅಮ್ಮ ಅವಳ ಹಾಸಿಗೆಯನ್ನು ದೇವರಮನೆಯ ಪಕ್ಕದ ಕೋಣೆಗೆ ಹಾಕಿದಾಗಲೂ ಅದು ಹಳೆಕಾಲದ ನಂಬಿಕೆ ಅಂದುಕೊಂಡಳು. ಆದರೆ ಮಾರನೆಯ ದಿನ ಸೀನುವಿನ ಸ್ಥಿತಿ ಕೆಟ್ಟಿತು. ತುರುಕಿದ್ದ ಬಟ್ಟೆಯ ಸುತ್ತಲಿಂದ ಮತ್ತೆ ಒಸರತೊಡಗಿತು. ನುಂಗಿದ ರಕ್ತ ಹೊಟ್ಟೆಯಲ್ಲಿ ನಿಲ್ಲದೆ ಕಾಫಿ ಗಸಿಯಂತೆ ವಾಂತಿಯಾಯಿತು. ಅವನ ಮುಖ ಸುಣ್ಣ ಬಳಿದಂತೆ ಬಿಳಚಿತು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಎಂದ. ಗದ್ದದ ಕೆಳಗೆ ಒಂದು ಕಡೆ ಊದಿಕೊಂಡು, ಚರ್ಮ ನೀಲಿಯಾಯಿತು. ಬೆಳಿಗ್ಗೆ ನಾಣ್ಯದಗಲ ಇದ್ದ ಆ ನೀಲಿ ಮಧ್ಯಾಹ್ನದ ವೇಳೆಗೆ ಕತ್ತಿನ ಕಡೆಗೆ ಇಳಿದಿತ್ತು. ಊತ ಕತ್ತಿಗೆ ಇಳಿದರೆ, ನುಂಗುವುದು ಕಷ್ಟವಾದರೆ ತಕ್ಷಣ ಹೇಳಿ ಕಳಿಸಿ ಎಂದು ಪದ್ಮರಾಜಯ್ಯನವರು ಹೇಳಿದ್ದರು. ಹಿಂದಿನ ದಿನ ಆ ಮಾತು ಡಾಕ್ಟರುಗಳು ಎಲ್ಲರಿಗೂ ಹೇಳುವ ಎಚ್ಚರಿಕೆಯ ಹಾಗೆ ಕೇಳಿಸಿತ್ತು.

ಅಷ್ಟು ಹೊತ್ತೂ ಅಮ್ಮಣ್ಣಿ ಗಾಬರಿಪಡಲಿಲ್ಲ. ಅದೇ ಚೂಡಾಮಣಿಗೆ ಭಯ ಹುಟ್ಟಿಸಿತು. ಸೀನುವಿಗೆ ಜ್ವರ ಬಂದರೆ ಊರೆಲ್ಲ ಓಡಾಡುವ ತಾಯಿ, ಈಗ ಏನನ್ನೋ ಕಾದು ಕೂತವಳ ಹಾಗೆ ಮೌನವಾಗಿ ದಿಂಬಿನ ಚೀಲ ಬದಲಾಯಿಸುತ್ತಿದ್ದಳು, ಬಟ್ಟಲು ತೊಳೆದಿಡುತ್ತಿದ್ದಳು. ಮಗನ ಕೋಣೆಯಿಂದ ಹೊರಗೆ ಬಂದಾಗಲೆಲ್ಲ ಮಗಳ ಹೊಟ್ಟೆಯನ್ನು ನೋಡುತ್ತಿದ್ದಳು. ನೋಡಿ, ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಚೂಡಾಮಣಿ ಹಿತ್ತಲಿಗೆ ಹೋದಳು. ಅಮ್ಮಣ್ಣಿ ಒಗೆಯುವ ಕಲ್ಲಿನ ಮುಂದೆ ಕೂತು ದಿಂಬಿನ ಚೀಲಗಳನ್ನು ತಣ್ಣೀರಿನಲ್ಲಿ ಉಜ್ಜುತ್ತಿದ್ದಳು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಬಕೆಟ್ಟಿನ ನೀರು ಕೆಂಪಾಗಿತ್ತು.

"ಅಮ್ಮ, ಸೀನು ಅಲ್ಲಿ ಮಲಗಿದ್ರೆ ನೀನು ನನ್ನ ಯಾಕೆ ನೋಡ್ತೀಯ?"

ಅಮ್ಮಣ್ಣಿಯ ಕೈ ನಿಂತಿತು.

"ನನಗೆ ಇಬ್ಬರು ತಮ್ಮಂದಿರಿದ್ರು," ಎಂದಳು.

"ಗೊತ್ತು. ಪ್ಲೇಗಿನಲ್ಲಿ ಹೋದ್ರು ಅಂದಿದ್ದೆ."

"ಹಾಗೆ ಹೇಳು ಅಂತ ನಮ್ಮಮ್ಮ ಹೇಳಿಕೊಟ್ಟಿದ್ಲು."

ಚಿಂತಾಮಣಿ ಊರಿನಲ್ಲಿದ್ದ ತನ್ನ ತವರಿನ ಕತೆಯನ್ನು ಅಮ್ಮಣ್ಣಿ ಕಲ್ಲನ್ನು ನೋಡುತ್ತಲೇ ಹೇಳಿದಳು. ದೊಡ್ಡ ತಮ್ಮನಿಗೆ ಒಂಬತ್ತು ವರ್ಷವಿದ್ದಾಗ ಅಲುಗಾಡುತ್ತಿದ್ದ ಹಾಲುಹಲ್ಲನ್ನು ಅಪ್ಪನೇ ದಾರ ಕಟ್ಟಿ ಕಿತ್ತರು. ಹುಡುಗ ಅಂಗಳದಲ್ಲಿ ನಕ್ಕುಕೊಂಡು ಓಡಾಡಿದ. ಆ ರಕ್ತ ಮತ್ತೆ ನಿಲ್ಲಲೇ ಇಲ್ಲ. ಅರಿಶಿನ ತುಂಬಿದರು, ಸ್ಫಟಿಕದ ಪುಡಿ ಹಾಕಿದರು, ಸುಟ್ಟ ಬಟ್ಟೆಯ ಬೂದಿ ಮೆತ್ತಿದರು. ವಾರ ಕಳೆಯುವುದರೊಳಗೆ ಅವನು ಹೋದ. ಚಿಕ್ಕವನು ಮಾವಿನ ಮರದಿಂದ ಬಿದ್ದ. ಮೈಮೇಲೆ ಒಂದು ತರಚಿದ ಗಾಯವೂ ಇರಲಿಲ್ಲ. ಹೊಟ್ಟೆ ಊದಿಕೊಂಡು ಸತ್ತ. ಅಮ್ಮಣ್ಣಿಯ ತಾಯಿಯ ಅಣ್ಣನೊಬ್ಬನೂ ಹೀಗೇ ಚಿಕ್ಕ ವಯಸ್ಸಿನಲ್ಲಿ ಹೋಗಿದ್ದನಂತೆ. ನಾಗದೋಷವೆಂದರು, ನಾಗಪ್ರತಿಷ್ಠೆ ಮಾಡಿಸಿದರು. ಆ ಮನೆಯ ಹೆಣ್ಣು ತಂದರೆ ಗಂಡುಸಂತಾನ ನಿಲ್ಲುವುದಿಲ್ಲ ಎಂದು ಊರಿನಲ್ಲಿ ಮಾತು ಹುಟ್ಟಿದ್ದರಿಂದ, ಅಮ್ಮಣ್ಣಿಯನ್ನು ದೂರದ ಬೆಂಗಳೂರಿಗೆ ಕೊಟ್ಟರು. ಸೀನು ಹುಟ್ಟಿದಾಗಿನಿಂದ ಅವನ ಮೈಮೇಲಿನ ಪ್ರತಿಯೊಂದು ನೀಲಿ ಕಲೆಯನ್ನೂ ಅವಳು ನೋಡುತ್ತ ಬಂದಿದ್ದಳು. ಮೀಸೆ ಬಂತು, ಕೆಲಸ ಸಿಕ್ಕಿತು. ಬಹುಶಃ ಇವನನ್ನು ಅದು ಬಿಟ್ಟುಬಿಟ್ಟಿತೆಂದು ಈಚೆಗಷ್ಟೇ ನಂಬತೊಡಗಿದ್ದಳು.

"ನಿನ್ನೆ ಡಾಕ್ಟರು ಕೇಳಿದಾಗ ಯಾಕೆ ಹೇಳಲಿಲ್ಲ?"

"ನಿನ್ನ ಹೊಟ್ಟೇಲಿ ಏನಿದೆಯೋ ಯಾರಿಗೆ ಗೊತ್ತು? ನಿಮ್ಮತ್ತೆ ಕಿವಿಗೆ ಬಿದ್ರೆ ನಿನ್ನ ಗತಿ ಏನು ಚೂಡಾ? ಅವನಿಗಂತೂ ಹಣೇಲಿ ಬರೆದಿದ್ದು ಆಗುತ್ತೆ. ನಿನ್ನ ಸಂಸಾರಾನೂ ಕಳೀಲಾ ನಾನು?"

ಚೂಡಾಮಣಿಯ ಹೊಟ್ಟೆಯೊಳಗೆ ಮಗು ಮಗ್ಗುಲು ಬದಲಾಯಿಸಿತು. ಅದುವರೆಗೆ ಮಗು ಅಲುಗಿದಾಗಲೆಲ್ಲ ಅವಳಿಗೆ ಸಂತೋಷವಾಗುತ್ತಿತ್ತು. ಈಗ ಅವಳು ತಿಳಿಯದೆಯೇ ಅಂಗೈಯಿಂದ ಅದನ್ನು ಒತ್ತಿ ಹಿಡಿದಳು. ಒಳಗೆ ಸೀನು ಕೆಮ್ಮಿದ. ಕೆಮ್ಮಿನ ಹಿಂದೆಯೇ ಉಸಿರೆಳೆದುಕೊಂಡ ಸದ್ದು ಎಂದಿನಂತಿರಲಿಲ್ಲ. ಅವಳು ತಾಯಿಯನ್ನು ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ನಡೆದು, ಹಜಾರದಲ್ಲಿದ್ದ ತಂದೆಗೆ ಎಲ್ಲವನ್ನೂ ಹೇಳಿಬಿಟ್ಟಳು.

ಅನಂತಪದ್ಮನಾಭಯ್ಯ ಕೇಳಿಸಿಕೊಂಡರು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಅವಳನ್ನು ಒಂದು ಮಾತೂ ಕೇಳದೆ, ಕೋಟು ಹಾಕಿಕೊಂಡು, ಫೋನಿದ್ದ ಮೂಲೆಮನೆಯ ಎಂಜಿನಿಯರರಲ್ಲಿಗೆ ಹೆಚ್ಚುಕಡಿಮೆ ಓಡಿದರು. ಪದ್ಮರಾಜಯ್ಯನವರು ಕ್ಲಿನಿಕ್ಕಿನಲ್ಲಿ ಕೂತಿದ್ದ ರೋಗಿಗಳನ್ನು ಬಿಟ್ಟು ಬಂದರು. ಊತ ಆಗಲೇ ಕತ್ತಿನ ಅರ್ಧಕ್ಕೆ ಇಳಿದು, ಸೀನುವಿನ ಮಾತು ಗೊಗ್ಗರಾಗಿತ್ತು. ಅವನನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಕೂರಿಸಿಕೊಂಡು ಮಾರ್ಕೆಟ್ಟಿನ ಹತ್ತಿರದ ದೊಡ್ಡಾಸ್ಪತ್ರೆಗೆ ಹೊರಟರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮಣ್ಣಿ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಜೊತೆಗೆ ಬಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತದ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಕಮಲಾದೇವಿ. ಅಮ್ಮಣ್ಣಿಯ ತಮ್ಮಂದಿರ ವಿಷಯ ಕೇಳಿದೊಡನೆ ಅವರು ಬೇರೆ ಪ್ರಶ್ನೆ ಕೇಳಲಿಲ್ಲ. ಗಾಯವನ್ನು ಮತ್ತೆ ಮತ್ತೆ ಕೆದಕಬೇಡಿ, ಸೂಜಿ ಚುಚ್ಚಬೇಡಿ ಎಂದು ತಮ್ಮವರಿಗೆ ತಾಕೀತು ಮಾಡಿದರು. ಅವನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಒಂದು ಅಂಶ ಕಡಿಮೆಯಿದೆ, ಅದು ಬೇರೆಯವರ ತಾಜಾ ರಕ್ತದಿಂದಲೇ ಬರಬೇಕು, ಯಾರನ್ನಾದರೂ ಕರೆತನ್ನಿ ಎಂದರು. ಅನಂತಪದ್ಮನಾಭಯ್ಯನವರ ರಕ್ತ ಹೊಂದಲಿಲ್ಲ. ಸೀನುವಿನ ಆಫೀಸಿನ ಜೊತೆಗಾರ ಬೋರಣ್ಣ ಸುದ್ದಿ ತಿಳಿದು ಬಂದ. ಸುದ್ದಗುಂಟೆಪಾಳ್ಯದ ಒಕ್ಕಲಮನೆಯವನು, ರಾಗಿಮುದ್ದೆ ತಿಂದು ಬೆಳೆದ ಆಳು. ಅವನ ರಕ್ತ ಹೊಂದಿತು. ಚೂಡಾಮಣಿಯ ಗಂಡ ರಾಮಪ್ರಸಾದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ. ಅವನೂ ಬಂದು ಕೊಟ್ಟ. ಆ ಎರಡು ದಿನ ಸೀನು ಬದುಕುತ್ತಾನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಊತ ಗಂಟಲನ್ನು ಮುಚ್ಚಿದರೆ ಕತ್ತಿನಲ್ಲಿ ತೂತು ಮಾಡಬೇಕಾಗುತ್ತದೆ, ಮಾಡಿದರೆ ಆ ಗಾಯವೂ ರಕ್ತ ಬಿಡುತ್ತದೆ ಎಂದು ಕಮಲಾದೇವಿ ಅನಂತಪದ್ಮನಾಭಯ್ಯನವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಆಮೇಲೆ ಊತ ನಿಂತಿತು. ನೀಲಿ ಎದೆಯವರೆಗೂ ಹರಡಿ, ಹಸಿರಾಗಿ, ಹಳದಿಯಾಗತೊಡಗಿತು. ಬಾಯಿಯ ಗಾಯ ಕಪ್ಪಗೆ ಮುಚ್ಚಿಕೊಂಡಿತು.

ಚೂಡಾಮಣಿಯನ್ನು ಆಸ್ಪತ್ರೆಗೆ ಬಿಟ್ಟದ್ದು ಅದಾದ ಮೇಲೆ. ಅವಳು ತಮ್ಮನ ಕೈಹಿಡಿದು ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ತಾನಾಗಿಯೇ ಡಾಕ್ಟರ ಕೋಣೆಗೆ ಹೋದಳು. ಹೊರಗೆ ಕಾಯುತ್ತಿದ್ದ ಗಂಡನನ್ನೂ ಒಳಗೆ ಕರೆದಳು. ಕಮಲಾದೇವಿ ಅವಳ ಹೊಟ್ಟೆಯನ್ನು ನೋಡಿ ಕುರ್ಚಿ ತೋರಿಸಿದರು.

"ಈ ಕಾಯಿಲೆಯಿಂದ ನರಳೋದು ಹೆಚ್ಚಾಗಿ ಗಂಡಸರು, ಆದ್ರೆ ಅವರಿಗೆ ಬರೋದು ತಾಯಿಯಿಂದ," ಎಂದರು. "ನಿಮ್ಮಲ್ಲಿ ಅದು ಇರಬಹುದು, ಇಲ್ಲದೇನೂ ಇರಬಹುದು. ಅದನ್ನ ನೋಡೋಕೆ ನಮ್ಮ ಹತ್ರ ದಾರಿ ಇಲ್ಲ. ಗಂಡು ಹುಟ್ಟಿದ್ರೆ ಕಾದು ನೋಡಬೇಕು."

ಎಷ್ಟು ದಿನ ಎಂದು ರಾಮಪ್ರಸಾದ ಕೇಳಿದ. ಮಗು ಅಂಬೆಗಾಲಿಡುವವರೆಗೆ, ಬೀಳುವವರೆಗೆ ಎಂದರು ಅವರು. ಅಲ್ಲಿಯವರೆಗೆ ರಕ್ತ ಪರೀಕ್ಷೆಗೆಂದೂ ಚುಚ್ಚುವುದು, ಕೊಯ್ಯುವುದು ಏನೂ ಬೇಡ.

ಹೊರಗಿನ ಉದ್ದ ಹಜಾರದಲ್ಲಿ ರಾಮಪ್ರಸಾದ ಹೆಂಡತಿಯ ಪಕ್ಕದಲ್ಲಿ ನಿಧಾನವಾಗಿ ನಡೆದ. ಅವನು ಕೆಟ್ಟವನಲ್ಲ. ರಕ್ತ ಕೊಟ್ಟ ತೋಳಿಗೆ ಇನ್ನೂ ಪಟ್ಟಿಯಿತ್ತು. ಬಸ್ ಸ್ಟ್ಯಾಂಡಿನವರೆಗೂ ಯೋಚನೆ ಮಾಡಿ ಮಾಡಿ, ಕೊನೆಗೆ, "ಈಗಲೇ ಅಮ್ಮನಿಗೆ ಹೇಳೋದು ಬೇಡ. ಹೆಣ್ಣಾದ್ರೆ ಹೇಳೋ ಪ್ರಸಂಗಾನೇ ಬರಲ್ಲ," ಎಂದ. ಚೂಡಾಮಣಿ ಹೂಂ ಎಂದಳು. ಬಸ್ಸಿನಲ್ಲಿ ಕೂತ ಮೇಲೆ, ತಾನು ಈಗ ತಾಯಿಯ ಜಾಗದಲ್ಲೇ ಕೂತಿದ್ದೇನೆಂದು ಅವಳಿಗೆ ಹೊಳೆಯಿತು. ಅಮ್ಮನನ್ನು ಆ ದಿನ ಹಿತ್ತಲಲ್ಲಿ ಬಿಟ್ಟು ಬಂದದ್ದು ನೆನಪಾಗಿ ಕಣ್ಣು ಉರಿಯಿತು. ಅಂದಿನಿಂದ ಅವಳು ದಿನಾ ದೀಪ ಹಚ್ಚುವಾಗ ಹೆಣ್ಣುಮಗುವನ್ನು ಬೇಡಿಕೊಳ್ಳತೊಡಗಿದಳು.

ಸೀನು ಮನೆಗೆ ಬಂದ. ಹಲ್ಲಿದ್ದ ಜಾಗದ ಕಪ್ಪು ಹೆಪ್ಪು ಉದುರುವ ದಿನ ಮತ್ತೆ ಶುರುವಾಗಬಹುದೆಂದು ಡಾಕ್ಟರು ಎಚ್ಚರಿಸಿದ್ದರಿಂದ ಮನೆಯವರೆಲ್ಲ ಉಸಿರು ಬಿಗಿಹಿಡಿದಿದ್ದರು. ಅವನು ಗಂಜಿ ಕುಡಿಯುವಾಗ, ಆಕಳಿಸುವಾಗ, ಸೀನುವಾಗ ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ. ಎದ್ದ ಕೂಡಲೆ ಅವನು ದಿಂಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಮಾತಿನ ನಡುವೆ ಥಟ್ಟನೆ ನಿಂತು, ನಾಲಿಗೆಯಿಂದ ಆ ಕುಳಿಯನ್ನು ಸವರಿ, ಬಾಯಲ್ಲಿ ಉಪ್ಪಿನ ರುಚಿ ಇದೆಯೇ ಎಂದು ಪರೀಕ್ಷಿಸುತ್ತಿದ್ದ. ಹೆಪ್ಪು ಉದುರಿತು, ಎರಡು ಹನಿ ಬಂತು, ನಿಂತಿತು. ತಿಂಗಳಾಗುವ ಹೊತ್ತಿಗೆ ವಸಡು ಕೂಡಿಕೊಂಡಿತು. ತಾಯಿಯ ಜೊತೆ ಅವನ ಮಾತು ಮಾತ್ರ ಕೂಡಲಿಲ್ಲ. ಒಮ್ಮೆ ಅವಳು ಹಾಲು ತಂದಿಟ್ಟಾಗ, "ಡಾಕ್ಟರು ಕೇಳಿದಾಗ ನಾನು ಅಲ್ಲೇ ಕೂತಿದ್ದೆ ಕಣಮ್ಮ," ಎಂದ. ಅಷ್ಟೇ ಅಂದದ್ದು. ಅಮ್ಮಣ್ಣಿ ಲೋಟ ಇಟ್ಟು ಹೋದಳು. ಆಮೇಲೆ ಬಹಳ ದಿನ ಅವಳು ಬಡಿಸಿದ್ದನ್ನು ಅವನು ತಲೆಯೆತ್ತದೆ ಉಂಡ.

ಸಂಕ್ರಾಂತಿ ಕಳೆದು ಚೂಡಾಮಣಿಗೆ ಹೆರಿಗೆಯಾಯಿತು. ಗಂಡು ಎಂದು ನರ್ಸು ಬಂದು ಹೇಳಿದಳು. ಅಮ್ಮಣ್ಣಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟಳು. ಅಜ್ಜಿಗೆ ಸಂತೋಷ ಹೆಚ್ಚಾಯಿತೆಂದುಕೊಂಡು ನರ್ಸು ನಕ್ಕಳು.

ಮಗುವಿನ ಹೊಕ್ಕುಳ ಒಣಗಿ ಬೀಳುವವರೆಗೆ ತಾಯಿ ಮಗಳಿಬ್ಬರೂ ಸರದಿಯಂತೆ ಬಟ್ಟೆ ಸರಿಸಿ ಸರಿಸಿ ನೋಡಿದರು. ಒಂದು ಹನಿಯೂ ಬರಲಿಲ್ಲ. ಅಮ್ಮಣ್ಣಿಯ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ಸೀನುವಿನ ಹೊಕ್ಕುಳೂ ಹೀಗೆಯೇ ಒಣಗಿತ್ತಲ್ಲವೇ ಎಂದು ಚೂಡಾಮಣಿ ಕೇಳಿದ್ದಕ್ಕೆ ಅವಳು ಮಗುವಿನ ಬಟ್ಟೆಯನ್ನು ಮತ್ತೆ ಸರಿಸಿ ನೋಡಿದಳು.

ನಾಮಕರಣ ಜಯನಗರದ ಮನೆಯಲ್ಲೇ ನಡೆಯಿತು. ವಿಲ್ಸನ್ ಗಾರ್ಡನ್ನಿನಿಂದ ಚೂಡಾಮಣಿಯ ಅತ್ತೆ ಸೀತಾಲಕ್ಷ್ಮಮ್ಮ ಬೆಳ್ಳಿ ಬಟ್ಟಲು, ಉಡಿದಾರ ಎಲ್ಲ ತಂದಿದ್ದರು. ಗಂಡ ತೀರಿದ ಮೇಲೆ ಒಬ್ಬನೇ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಹೆಂಗಸು, ಮಾತಿನಲ್ಲಿ ಖಡಕ್ಕು. ಹೆಸರಿಟ್ಟ ಮೇಲೆ, ತಮ್ಮ ಮನೆಯಲ್ಲಿ ಅದೇ ದಿನ ಕಿವಿ ಚುಚ್ಚಿಸುವ ಪದ್ಧತಿ ಎಂದು ಅವರು ಹೇಳಿದರು. ಅಕ್ಕಸಾಲಿಯನ್ನು ಜೊತೆಗೇ ಕರೆತಂದಿದ್ದರು. ಅವನು ಮಣೆಯ ಮೇಲೆ ಕೂತು ಚಿನ್ನದ ಎಳೆಯನ್ನು ಬೆಣ್ಣೆಯಲ್ಲಿ ಅದ್ದಿ ಇಟ್ಟ. ಸೀತಾಲಕ್ಷ್ಮಮ್ಮ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ತಲೆಯನ್ನು ಒಂದು ಕಡೆಗೆ ಒತ್ತಿ ಹಿಡಿದರು.

ಚೂಡಾಮಣಿ ಗಂಡನನ್ನು ನೋಡಿದಳು. ನಾಮಕರಣಕ್ಕೆ ಮುಂಚೆಯೇ ತನ್ನ ಅಮ್ಮನಿಗೆ ತಾನೇ ಹೇಳುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅವನು ನೆಲ ನೋಡುತ್ತಿದ್ದ. ಅಮ್ಮಣ್ಣಿ ಕಂಬದ ಮರೆಯಿಂದ ಮಗಳಿಗೆ ಸಣ್ಣಗೆ ತಲೆಯಾಡಿಸಿದಳು, ಬೇಡ ಎನ್ನುವಂತೆ. ಏನು ಬೇಡ, ಚುಚ್ಚುವುದೋ ಹೇಳುವುದೋ, ಚೂಡಾಮಣಿಗೆ ತಿಳಿಯಲಿಲ್ಲ. ಅಕ್ಕಸಾಲಿ ಮಗುವಿನ ಕಿವಿಯನ್ನು ಬೆರಳ ನಡುವೆ ಹಿಡಿದ.

"ಚುಚ್ಚಬೇಡಿ," ಎಂದಳು ಚೂಡಾಮಣಿ.

"ಅಳ್ತಾನೆ ಅಂತ ಭಯಾನಾ? ಒಂದು ಗಳಿಗೆ ಅಳ್ತಾನೆ, ಆಮೇಲೆ ಮಲಗ್ತಾನೆ," ಎಂದರು ಸೀತಾಲಕ್ಷ್ಮಮ್ಮ.

"ಅಳು ಅಲ್ಲ ಅತ್ತೆ. ರಕ್ತ ಬಂದ್ರೆ ನಿಲ್ಲದೇ ಹೋಗಬಹುದು. ಸೀನೂಗೆ ಹಲ್ಲು ಕಿತ್ತಾಗ ಆಗಿದ್ದು ಅದೇ. ನಮ್ಮಮ್ಮನ ತಮ್ಮಂದಿರಿಬ್ಬರೂ ಅದರಲ್ಲೇ ಹೋಗಿದ್ದು. ಇವನಿಗೂ ಅದು ಇರಬಹುದು."

ಅಕ್ಕಸಾಲಿ ಕೈ ಹಿಂದಕ್ಕೆ ತೆಗೆದುಕೊಂಡ. ಅರಿಶಿನ ಕುಂಕುಮದ ತಟ್ಟೆ ಹಿಡಿದಿದ್ದ ಹೆಂಗಸರು ಅಲ್ಲಲ್ಲೇ ನಿಂತರು. ಸೀತಾಲಕ್ಷ್ಮಮ್ಮ ಸೊಸೆಯನ್ನು ಬಿಟ್ಟು ಕಂಬದ ಕಡೆ ತಿರುಗಿದರು.

"ನಾವು ಹೆಣ್ಣು ನೋಡೋಕೆ ಬಂದಾಗ ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಅಮ್ಮಣ್ಣಿ. ಈ ಸಲ ಅವಳು ಮುಖ ತಿರುಗಿಸಲಿಲ್ಲ.

"ನಿನಗೆ?" ಎಂದು ಮಗನನ್ನು ಕೇಳಿದರು.

ಆಸ್ಪತ್ರೆಯಲ್ಲಿ ತಿಳಿಯಿತು ಎಂದ ರಾಮಪ್ರಸಾದ. ಬೀಗಿತ್ತಿಯ ಉತ್ತರಕ್ಕಿಂತ ಈ ಉತ್ತರವೇ ಅವರಿಗೆ ನಾಟಿತು. ಮಗುವನ್ನು ಎರಡು ಕೈಯಲ್ಲೂ ಎತ್ತಿ ಚೂಡಾಮಣಿಯ ಮಡಿಲಿಗೆ ಹಾಕಿ, ಎದ್ದು, ಎಲೆ ಹಾಕಿದ್ದರೂ ಊಟಕ್ಕೆ ಕೂರದೆ ಹೊರಟುಹೋದರು.

ಬಾಣಂತನದ ತಿಂಗಳುಗಳು ಮುಗಿದರೂ ವಿಲ್ಸನ್ ಗಾರ್ಡನ್ನಿನಿಂದ ಕರೆ ಬರಲಿಲ್ಲ. ರಾಮಪ್ರಸಾದ ಭಾನುವಾರ ಬಂದು ಮಗುವನ್ನು ನೋಡಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಅಮ್ಮ ಏನೂ ಮಾತಾಡುತ್ತಿಲ್ಲ ಎನ್ನುತ್ತಿದ್ದ. ಅಕ್ಕಪಕ್ಕದವರು ಕೇಳತೊಡಗಿದರು. ತಾನು ಆ ದಿನ ಬಾಯಿ ಬಿಡಬಾರದಿತ್ತೇ ಎಂದು ಚೂಡಾಮಣಿ ಯೋಚಿಸುತ್ತಿದ್ದಳು. ಆಮೇಲೆ ಮಗುವಿನ ಕಿವಿಯ ಮೆತ್ತನೆಯ ತುದಿಯನ್ನು ಮುಟ್ಟಿ ನೋಡುತ್ತಿದ್ದಳು, ಆ ಯೋಚನೆ ನಿಲ್ಲುತ್ತಿತ್ತು. ಇದರ ನಡುವೆ ಸೀನುವೇ ಒಂದು ಸಂಜೆ ಅಡುಗೆಮನೆಗೆ ಹೋಗಿ ತಾಯಿಯ ಎದುರು ಮಣೆ ಹಾಕಿಕೊಂಡು ಕೂತ. ಸತ್ತ ಮಾವಂದಿರ ಹೆಸರೇನಿತ್ತು ಎಂದು ಕೇಳಿದ. ಅಮ್ಮಣ್ಣಿ ಆ ಹೆಸರುಗಳನ್ನು ಹೇಳುತ್ತ ಅತ್ತಳು. ಮಕ್ಕಳ ಮುಂದೆ ಅವಳು ಅತ್ತದ್ದು ಅದೇ ಮೊದಲು.

ಮಳೆಗಾಲ ಶುರುವಾಗುವ ಮುಂಚೆ ಸೀತಾಲಕ್ಷ್ಮಮ್ಮ ತಾವೇ ಬಂದರು. ಜಗುಲಿಯ ಮೇಲೆ ನಿಂತು, ತಮ್ಮ ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದಿರುವುದಾಗಿ ಹೇಳಿದರು. ಅಮ್ಮಣ್ಣಿ ಕೊಟ್ಟ ನೀರನ್ನು ಕುಡಿದರು, ಕಾಫಿ ಬೇಡವೆಂದರು. ಚೂಡಾಮಣಿ ಮಗುವನ್ನೆತ್ತಿಕೊಂಡು ಅವರ ಹಿಂದೆ ಹೊರಟಳು.

ವಿಲ್ಸನ್ ಗಾರ್ಡನ್ನಿನ ಮನೆಯಲ್ಲಿ ಮಗು ಚೆನ್ನಾಗಿ ಬೆಳೆಯಿತು. ದುಂಡಗೆ, ಬೆಳ್ಳಗೆ, ಮೈಮೇಲೆ ಒಂದು ಮಚ್ಚೆಯೂ ಇಲ್ಲದ ಮಗು. ದಿನಾ ಅದಕ್ಕೆ ನೀರು ಹಾಕುವವರು ಸೀತಾಲಕ್ಷ್ಮಮ್ಮನೇ. ಬಚ್ಚಲಿನಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಚೂಡಾಮಣಿ ನೀರು ಬೆರೆಸುವ ನೆಪದಲ್ಲಿ ಪಕ್ಕದಲ್ಲೇ ನಿಂತು ಆ ಕೈಗಳನ್ನು ನೋಡುತ್ತಿದ್ದಳು. ಮೆಲ್ಲಗೆ ಎಂದು ಅವಳು ಒಮ್ಮೆ ಅಂದಾಗ, ತಾವು ಮಗು ಸಾಕದವರಲ್ಲ ಎಂದು ಅವರು ಹೇಳಿದರು. ಬರಬರುತ್ತ ಅವರಿಗೆ ಧೈರ್ಯ ಹೆಚ್ಚಿತು. ಇದೆಲ್ಲ ಆ ಚಿಂತಾಮಣಿಯವರ ಭ್ರಮೆ, ನಮ್ಮ ಕೂಸಿಗೆ ಅಂಥದೇನೂ ಇಲ್ಲ ಎಂದು ಬಂದವರ ಮುಂದೆ ಹೇಳತೊಡಗಿದರು. ರಾಮಪ್ರಸಾದನಿಗೂ ಹಾಗೇ ಅನ್ನಿಸತೊಡಗಿತು. ಒಂದೊಂದು ದಿನ ಚೂಡಾಮಣಿಗೂ.

ಮಗು ಗೋಡೆ ಹಿಡಿದು ನಿಲ್ಲಲು ಕಲಿತ ದಿನ ಸೀತಾಲಕ್ಷ್ಮಮ್ಮ ಸಂತೋಷ ತಡೆಯಲಾರದೆ ಅದನ್ನು ಕಂಕುಳಿಗೆ ಕೈಹಾಕಿ ಮೇಲಕ್ಕೆತ್ತಿದರು. ಮಗು ಕೇಕೆ ಹಾಕಿತು. ಮತ್ತೊಮ್ಮೆ ಎತ್ತಿದರು.

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಅಂಗಿ ಬಿಚ್ಚಿದಾಗ ಮಗುವಿನ ಬೆನ್ನಿನ ಎರಡೂ ಬದಿಗೆ, ಕಂಕುಳ ಕೆಳಗೆ, ಕಪ್ಪು ಗೆರೆಗಳಿದ್ದವು. ಒಲೆಯ ಮಸಿ ಅಂದುಕೊಂಡು ಸೀತಾಲಕ್ಷ್ಮಮ್ಮ ಕಡಲೆಹಿಟ್ಟು ಹಚ್ಚಿ ಉಜ್ಜಿದರು. ಹೋಗಲಿಲ್ಲ. ನೀರು ಹಾಕಿದರು. ಒದ್ದೆಯಾದ ಚರ್ಮದ ಮೇಲೆ ಅವು ಕಪ್ಪಲ್ಲ, ನೀಲಿ ಎಂದು ಸ್ಪಷ್ಟವಾಗಿ ಕಂಡಿತು. ಹಿಂದುಗಡೆ ನಾಲ್ಕು ನಾಲ್ಕು ಗೆರೆ, ಮುಂದೆ ಎದೆಯ ಮೇಲೆ ಒಂದೊಂದು ಗುಂಡಗಿನ ಕಲೆ. ಅವರು ಅರಿವಿಲ್ಲದೆಯೇ ಮಗುವನ್ನು ಹಿಡಿದರು. ಬೆರಳುಗಳು ಆ ಗೆರೆಗಳ ಮೇಲೆ ಸರಿಯಾಗಿ ಕೂತವು.

ಅವರು ಕೈ ತೆಗೆದರು. ಮಗು ಕಾಲಮೇಲೆ ಮಲಗಿ ನಗುತ್ತಲೇ ಇತ್ತು.

"ನಾನು ಮೆತ್ತಗೇ ಹಿಡಿದಿದ್ದೆ," ಎಂದರು ಸೊಸೆಯ ಕಡೆ ನೋಡದೆ.

ಚೂಡಾಮಣಿ ಟವೆಲು ಹಾಸಿ ಮಗುವನ್ನು ಎತ್ತಿಕೊಂಡಳು. ಆ ಮಧ್ಯಾಹ್ನವೇ ರಾಮಪ್ರಸಾದ ಅವರಿಬ್ಬರನ್ನೂ ಡಾಕ್ಟರ್ ಕಮಲಾದೇವಿಯವರಲ್ಲಿಗೆ ಕರೆದೊಯ್ದ. ಸೀತಾಲಕ್ಷ್ಮಮ್ಮನೂ ಬಂದು ಹೊರಗಿನ ಬೆಂಚಿನ ಮೇಲೆ ಕೂತರು. ಗಾಜಿನ ನಳಿಕೆಯಲ್ಲಿ ಮಗುವಿನ ರಕ್ತ ಹೆಪ್ಪುಗಟ್ಟುವುದನ್ನು ಕಮಲಾದೇವಿ ಬಹಳ ಹೊತ್ತು ಕಾದರು. ಆಮೇಲೆ ನಳಿಕೆಯನ್ನು ವಾಲಿಸಿ ತೋರಿಸಿದರು. ಅದು ಇನ್ನೂ ನೀರಿನ ಹಾಗೆ ಹರಿಯುತ್ತಿತ್ತು.

ಮನೆಗೆ ವಾಪಸು ಬಂದ ಮೇಲೆ ಸೀತಾಲಕ್ಷ್ಮಮ್ಮ ಹಜಾರದ ನಡುವೆ ನಿಂತು ಕಲ್ಲಿನ ಮೆಟ್ಟಿಲು, ಕಬ್ಬಿಣದ ಪೆಟ್ಟಿಗೆಯ ಮೂಲೆ, ಎತ್ತರದ ಹೊಸಿಲು, ಇಳಿಗೆಮಣೆ ಎಲ್ಲವನ್ನೂ ಒಂದೊಂದಾಗಿ ನೋಡಿದರು, ಹೊಸ ಮನೆಗೆ ಬಂದವರ ಹಾಗೆ. ಮಗು ಚೂಡಾಮಣಿಯ ಸೊಂಟದಿಂದ ಇಳಿಯಲು ಒದ್ದಾಡುತ್ತಿತ್ತು.

"ನಿಮ್ಮಮ್ಮನ್ನ ಬರೋಕೆ ಹೇಳಿ ಕಳಿಸು," ಎಂದರು. "ನಾಳೇನೇ ಬರಲಿ. ಸೀನೂನ ಇಷ್ಟು ವರ್ಷ ಹೇಗೆ ಸಾಕಿದ್ರು ಅಂತ ಕೇಳಬೇಕು ನಾನು."